ಹಚಿನ್ಸನ್ ಥರ ರೋಡ್ ರೇಸರ್ ಆಗಬೇಕು ಅಂತಾನೆ ತಮ್ಮ. ಏನು ಹೇಳಲಿ?

ಟಿಳಕವಾಡಿ ಅಕ್ಕ:
ನಮಸ್ಕಾರ ರೀ. ತಮ್ಮನಿಗೆ 20 ವರ್ಷ, ಡಿಪ್ಲೊಮಾ ಮುಗಿದಿದೆ. ರಾತ್ರಿಯೆಲ್ಲ ಬ್ರಿಟನ್ ಹತ್ತಿರದ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಬೈಕ್ ರೇಸಿನ ವಿಡಿಯೋ ನೋಡುತ್ತಾನೆ. ಅದರಲ್ಲಿ ಗೆದ್ದ ರೇಸರ್ ಇಯಾನ್ ಹಚಿನ್ಸನ್ ಅಂದ್ರೆ ಪ್ರಾಣ. ಭಾನುವಾರ ಬಂತೆಂದರೆ ಬೈಕ್ ತಗೊಂಡು ಚೋರ್ಲಾ ಘಾಟಿಗೆ ಹೋಗುತ್ತಾನೆ. "ಅವರೂ ಊರ ರಸ್ತೆಯಲ್ಲೇ ಓಡಿಸ್ತಾರೆ, ನಾನೂ ಅಲ್ಲೇ ಕಲೀತೀನಿ" ಅಂತಾನೆ. ಬೈದರೆ ಕೇಳೋ ವಯಸ್ಸಲ್ಲ. ಆ ಹಚಿನ್ಸನ್ ಹೇಗೆ ಮೇಲೆ ಬಂದ ಅಂತ ಗೊತ್ತಿದ್ದವರು ಬರೀರಿ, ಇವನಿಗೆ ಓದಿಸ್ತೀನಿ.

ಉದ್ಯಮಬಾಗ್ ಟರ್ನರ್:
ಅಕ್ಕಾರೆ, ಬೈಯಬೇಡಿ. ಅವನ ಆಸೆ ಒಳ್ಳೆಯದೇ. ಜಾಗ ಮಾತ್ರ ಸರಿಯಿಲ್ಲ.

ತಮ್ಮಾ, ಟಿಟಿ ನಡೆಯೋದು ಊರ ರಸ್ತೆಯಲ್ಲಿ ನಿಜ. ಒಂದು ಸುತ್ತಿಗೆ 60 ಕಿ.ಮೀ., 200ಕ್ಕೂ ಜಾಸ್ತಿ ತಿರುವು. ಆದರೆ ಅಷ್ಟೂ ರಸ್ತೆ ಬಂದ್ ಇರುತ್ತದೆ. ಎದುರಿಂದ ಒಂದು ಸೈಕಲ್ಲೂ ಬರೋದಿಲ್ಲ. ದಾರಿಯುದ್ದಕ್ಕೂ ಬಾವುಟ ಹಿಡಿದು ಮಾರ್ಷಲ್‌ಗಳು ನಿಂತಿರುತ್ತಾರೆ. ಇಷ್ಟಿದ್ದೂ 1911ರಿಂದ ಆ ಸುತ್ತಿನಲ್ಲಿ 250ಕ್ಕೂ ಹೆಚ್ಚು ಸವಾರರು ಸತ್ತಿದ್ದಾರೆ. ಚೋರ್ಲಾದಲ್ಲಿ ತಿರುವಿನಾಚೆ ಗೋವಾ ಲಾರಿ ಇದೆಯೋ, ದನ ನಿಂತಿದೆಯೋ, ಯಾರು ಬಾವುಟ ತೋರಿಸುತ್ತಾರೆ?

ಹಚಿನ್ಸನ್ ಮೊದಲ ಟಿಟಿ ಓಡಿಸಿದ್ದು 2004ರಲ್ಲಿ, ಮೊದಲು ಗೆದ್ದದ್ದು 2007ರಲ್ಲಿ. 2010ರಲ್ಲಿ ಒಂದೇ ವಾರದಲ್ಲಿ ಐದು ರೇಸ್ ಗೆದ್ದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ಬಿದ್ದ, ಹಿಂದಿನಿಂದ ಬಂದ ಬೈಕ್ ಹಾಯ್ದು ಎಡಗಾಲು ಪುಡಿಯಾಯಿತು. ಕಾಲು ತೆಗೆಯಬೇಕು ಅನ್ನುವಲ್ಲಿಗೆ ಹೋಗಿತ್ತು. ಆಪರೇಷನ್ ಮೇಲೆ ಆಪರೇಷನ್.

ನನಗೆ ಬಹಳ ಹಿಡಿಸಿದ್ದು ಮುಂದಿನದು. ಎಡಗಾಲಿನಿಂದ ಗೇರ್ ಹಾಕಲು ಆಗದ್ದಕ್ಕೆ ಗೇರ್ ಲಿವರನ್ನೇ ಬಲಕ್ಕೆ ಮಾಡಿಸಿಕೊಂಡ. ನಮ್ಮ ಹಳೇ ಬುಲೆಟ್‌ಗೆ ಹಾಗೇ ಬಲಕ್ಕೇ ಗೇರ್ ಇತ್ತು. ಈಗಿನ ಬೈಕಿನಲ್ಲಿ ಗೇರ್ ಶಾಫ್ಟ್ ಎಡಕ್ಕೆ ಹೊರಬರುತ್ತದೆ. ಅದನ್ನು ಬಲಗಾಲಿಗೆ ಮುಟ್ಟಿಸಬೇಕೆಂದರೆ ಅಡ್ಡ ಶಾಫ್ಟ್ ಹಾಕಿ ಲಿಂಕ್ ರಾಡ್ ಕೂಡಿಸಬೇಕು. ಎಲ್ಲಾದರೂ ಚೂರು ಪ್ಲೇ, ಅಂದರೆ ಸಡಿಲು, ಉಳಿದರೆ ಗೇರ್ ತಪ್ಪುತ್ತದೆ. ಗಂಟೆಗೆ 250 ಕಿ.ಮೀ. ವೇಗದಲ್ಲಿ ಗೇರ್ ತಪ್ಪಿದರೆ ಏನಾಗುತ್ತದೆ ಅಂತ ಡಿಪ್ಲೊಮಾ ಓದಿದವನಿಗೆ ಹೇಳಬೇಕಾಗಿಲ್ಲ. ಅಂಥ ಕೆಲಸ ಮಾಡುವ ಮೆಕ್ಯಾನಿಕ್‌ಗಳು ಬೆನ್ನಿಗಿದ್ದರು. 2013ರಲ್ಲಿ ಚೀನಾದ ಮಕಾವ್‌ನ ಬೀದಿ ರೇಸ್ ಗೆದ್ದ. 2015ರಲ್ಲಿ ಮತ್ತೆ ಮೂರು ಟಿಟಿ. ಎಲ್ಲ ವರ್ಷ ಸೇರಿ ಒಟ್ಟು 16 ಟಿಟಿ ಗೆಲುವು.

ವಿಜಯಪುರ ಫಿಸಿಯೊ:
ಒಂದು ಮಾತು ಸೇರಿಸುತ್ತೇನೆ. ಮೂಳೆ ಕೂಡಿದರೂ ಪಾದದ ಕೀಲು ಮೊದಲಿನಂತೆ ಮಡಚುತ್ತದೆ ಅನ್ನೋ ಭರವಸೆ ಇಲ್ಲ. ಗೇರ್ ಎತ್ತಲು ಬೇಕಾದದ್ದೇ ಆ ಮಡಚುವಿಕೆ. ಬೈಕಿನಿಂದ ಬಿದ್ದ ಹುಡುಗರು ನಮ್ಮಲ್ಲಿ ಬರುತ್ತಲೇ ಇರುತ್ತಾರೆ. ನೋವಿಗೆ ಬೇಸತ್ತು ವ್ಯಾಯಾಮ ಅರ್ಧಕ್ಕೇ ಬಿಡುವವರೇ ಜಾಸ್ತಿ. ಹಚಿನ್ಸನ್ 2017ರಲ್ಲಿ ಅದೇ ಕಾಲು ಮತ್ತೆ ಮುರಿದುಕೊಂಡ. ಅದನ್ನೂ ತಮ್ಮ ತಿಳಿದಿರಲಿ.

ಟಿಳಕವಾಡಿ ಅಕ್ಕ:
ಓದಿಸಿದೆ. ಗೇರಿನ ಭಾಗ ಎರಡು ಸಲ ಓದಿದ. "ಹಾಗಾದ್ರೆ ಟ್ರ್ಯಾಕ್ ಎಲ್ಲಿದೆ, ಕಾಕಾನ್ನ ಕೇಳು" ಅಂದ. ಸ್ವಂತ ರೇಸ್ ಬೈಕ್ ಕೊಡಿಸೋ ಶಕ್ತಿ ನಮಗಿಲ್ಲ ರೀ.

ಉದ್ಯಮಬಾಗ್ ಟರ್ನರ್:
ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ 3.7 ಕಿ.ಮೀ. ಟ್ರ್ಯಾಕ್ ಇದೆ. ರೇಸ್ ಮಾಡಲು ಎಫ್‌ಎಂಎಸ್‌ಸಿಐ (ದೇಶದ ಮೋಟರ್ ಕ್ರೀಡೆಯ ಒಕ್ಕೂಟ) ಲೈಸೆನ್ಸ್ ಬೇಕು. ಬೈಕಿನ ಚಿಂತೆ ಈಗಲೇ ಬೇಡ. ಟಿವಿಎಸ್‌ನವರು ನಡೆಸುವ ಒನ್ ಮೇಕ್ ರೇಸಿನಲ್ಲಿ ಆಯ್ಕೆಯಾದವರಿಗೆಲ್ಲ ಕಂಪನಿಯದೇ ಒಂದೇ ಥರದ ಬೈಕ್. ಮೊದಲು ಟ್ರ್ಯಾಕ್ ಟ್ರೇನಿಂಗ್‌ಗೆ ಹೋಗಲಿ, ಆಮೇಲೆ ಆಯ್ಕೆಗೆ ನಿಲ್ಲಲಿ. ಅಲ್ಲಿಯವರೆಗೆ ಸಂಜೆ ನಮ್ಮ ಶೆಡ್ಡಿಗೆ ಬರಲಿ. ಲೇಥ್ ಮೇಲೆ ಕೈ ಕೂಡಿದರೆ ಯಾವ ಟೀಮಿನಲ್ಲೂ ಕೆಲಸಕ್ಕೆ ಬರುತ್ತದೆ. ಭಾನುವಾರ ಅಂಗಡಿ ಬಂದ್, ಸೋಮವಾರ ಆರಕ್ಕೆ ಕಳಿಸಿ.