ಹೊಸ ಕಾರ್ಡ್ ಹಾಕಿದರೂ ಕ್ಯಾಮೆರಾ ಅದೇ ಆಮೆ. ಯಾವ ಕಾರ್ಡ್ ತಗೊಳ್ಳಲಿ?

ಮಿಂಚುಳ್ಳಿಬೆನ್ನಿಗೆ
ತಲೆ ಕೆಟ್ಟುಹೋಗಿದೆ. ಕಾರ್ಡ್ ಸ್ಲೋ ಇದೆ ಬದಲಾಯಿಸು ಅಂತ ಎಲ್ಲರೂ ಹೇಳಿದರು, ಹೊಸದು ತಗೊಂಡೆ. 128 ಜಿಬಿ, ಮೇಲೆ ದಪ್ಪಕ್ಷರದಲ್ಲಿ 200 ಎಂಬಿ ಅಂತ ಬರೆದಿದೆ. ಇವತ್ತು ಬೆಳಿಗ್ಗೆ ಮಿಂಚುಳ್ಳಿ ನೀರಿಗೆ ಧುಮುಕಿತು, ನಾನು ಬಟನ್ ಒತ್ತಿ ಹಿಡಿದೆ, ಮೂರು ಸೆಕೆಂಡು ಟಕಟಕ ಅಂತ ಹೊಡೆದು ಕ್ಯಾಮೆರಾ ನಿಂತೇಹೋಯಿತು. ಕೆಂಪು ದೀಪ ಮಿಣಮಿಣ. ಹಕ್ಕಿ ಮೀನು ಕಚ್ಚಿಕೊಂಡು ಕೊಂಬೆಗೆ ಬಂತು, ಮೀನನ್ನು ನಾಲ್ಕು ಸಲ ಕೊಂಬೆಗೆ ಬಡಿಯಿತು, ನುಂಗಿತು, ಹಾರಿಯೂ ಹೋಯಿತು. ದೀಪ ಇನ್ನೂ ಮಿಣುಕುತ್ತಲೇ ಇತ್ತು. ಇನ್ನೂ ವೇಗದ ವಿ90 ಕಾರ್ಡ್ ತಗೊಂಡರೆ ಸರಿಹೋಗುತ್ತದಾ? ಬೆಲೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಕಡಿಮೆ ದುಡ್ಡಲ್ಲಿ ಫಾಸ್ಟ್ ಆಗಿರೋದು ಯಾವುದಾದರೂ ಇದ್ದರೆ ಹೇಳಿ.

ಹಳೇಲೆನ್ಸ್
ನಕಲಿ ಕಾರ್ಡ್. ನೋಡುವುದೇ ಬೇಡ. ಲೇಬಲ್ ಯಾರು ಬೇಕಾದರೂ ಪ್ರಿಂಟ್ ಮಾಡಬಹುದು. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಟೆಸ್ಟ್ ಸಾಫ್ಟ್‌ವೇರ್ ಹಾಕಿ ಕಾರ್ಡ್ ಪೂರ್ತಿ ತುಂಬಿಸಿ ವಾಪಸ್ ಓದಿಸಿ, ಬಂಡವಾಳ ಹೊರಗೆ ಬರುತ್ತದೆ. ಮ್ಯಾಕ್ ಅಥವಾ ಲಿನಕ್ಸ್ ಆದರೆ ಎಫ್3.

ಬೈಟ್‌ಲೆಕ್ಕ
ಸ್ವಲ್ಪ ತಡೀರಿ ಸರ್, ಎಲ್ಲದಕ್ಕೂ ನಕಲಿ ಅಂದರೆ ಹೇಗೆ. ಆ 200 ಅನ್ನೋದು ಓದುವ ವೇಗ, ಬರೆಯುವ ವೇಗ ಅಲ್ಲ. ಕಂಪ್ಯೂಟರಿಗೆ ಕಾಪಿ ಮಾಡುವಾಗ ಉಪಯೋಗ, ಅದೂ ಆ ಕಾರ್ಡಿಗೆ ಹೊಂದುವ ರೀಡರ್ ಇದ್ದರೆ ಮಾತ್ರ. ನಿಮ್ಮದು ಯುಎಚ್‌ಎಸ್-1 (ಕಾರ್ಡಿಗೂ ಕ್ಯಾಮೆರಾಗೂ ನಡುವಿನ ಹಳೇ ಥರದ ಸಂಪರ್ಕ) ಅಂದಮೇಲೆ ಕ್ಯಾಮೆರಾ ಒಳಗೆ ಸೆಕೆಂಡಿಗೆ 104 ಎಂಬಿ ದಾಟುವುದಿಲ್ಲ, ಬರೆಯುವಾಗ ಅದೂ ಸಿಗುವುದಿಲ್ಲ. ನೀವು ನೋಡಬೇಕಾದದ್ದು ಸಣ್ಣ ಅಕ್ಷರದ ವಿ30, ವಿ60. ಎಷ್ಟೇ ಬಿದ್ದರೂ ಸೆಕೆಂಡಿಗೆ 30 ಅಥವಾ 60 ಎಂಬಿಗಿಂತ ಕೆಳಗೆ ಬರೆಯುವುದಿಲ್ಲ ಅಂತ ಅರ್ಥ. ಎ1, ಎ2 ಅಂತ ಇದ್ದರೆ ಅದು ಫೋನಿನ ಆಪ್‌ಗಳಿಗೆ, ಕ್ಯಾಮೆರಾಗೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಅಂದ ಹಾಗೆ ಕ್ಯಾಮೆರಾ ಯಾವುದು, ರಾ (ಜೆಪೆಗ್ ಮಾಡದ ದೊಡ್ಡ ಫೈಲ್) ಹೊಡೆಯುತ್ತೀರಾ?

ಮಿಂಚುಳ್ಳಿಬೆನ್ನಿಗೆ
ಕ್ಯಾಮೆರಾದ್ದೇನೂ ತೊಂದರೆ ಇಲ್ಲ. 24 ಮೆಗಾಪಿಕ್ಸೆಲ್, ಕಂಪ್ರೆಸ್ಡ್ ರಾ, ಸೆಕೆಂಡಿಗೆ 10. ಕಾರ್ಡ್ ಮೇಲೆ ಯು3, ವಿ30 ಎರಡೂ ಇದೆ. ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ, ಒಂದು ಗಂಟೆ ಹೋಯಿತು. ತಪ್ಪು ಒಂದೂ ಬರಲಿಲ್ಲ. ಆದರೆ 119 ಜಿಬಿ ಅಂತ ತೋರಿಸುತ್ತಿದೆ?

ಹಳೇಲೆನ್ಸ್
ನಾನು ಹೇಳಲಿಲ್ವಾ! 9 ಜಿಬಿ ಎಲ್ಲಿ ಹೋಯಿತು?

ಬೈಟ್‌ಲೆಕ್ಕ
ಎಲ್ಲೂ ಹೋಗಿಲ್ಲ. ಕಾರ್ಡ್ ಮಾಡುವವರು ಸಾವಿರದ ಲೆಕ್ಕ, ವಿಂಡೋಸ್ 1024ರ ಲೆಕ್ಕ. 128 ಜಿಬಿ ಅಂದರೆ ಅಲ್ಲಿ 119 ಅಂತಲೇ ಬರಬೇಕು.

ಹಳೇಲೆನ್ಸ್
ಲೆಕ್ಕ ನನಗೂ ಬರುತ್ತದೆ. ಅಳತೆ ಸರಿ ಇದ್ದು ಸ್ಪೀಡ್ ಮಾತ್ರ ನಕಲಿ ಇರೋ ಕಾರ್ಡ್‌ಗಳೂ ಇವೆ. ಟೆಸ್ಟ್‌ನಲ್ಲಿ ಬರೆಯುವ ವೇಗ ಎಷ್ಟು ಬಂತು ಅಂತ ಅವರು ಹೇಳಲೇ ಇಲ್ಲ.

ಮಿಂಚುಳ್ಳಿಬೆನ್ನಿಗೆ
70 ಚಿಲ್ಲರೆ ಬಂತು.

ರೀಲ್‌ಗೀಲ್
ವಿ30 ಸುಮ್ನೆ ಹೆಸರಿಗೆ ಅನ್ಸುತ್ತೆ. ನಾನು 4ಕೆ ವಿಡಿಯೋನ 100ರಲ್ಲಿ ರೆಕಾರ್ಡ್ ಮಾಡುತ್ತೇನೆ, ಅದೂ ವಿ30 ಕಾರ್ಡಿಗೆ, ಒಮ್ಮೆಯೂ ನಿಂತಿಲ್ಲ. 30ರ ಕಾರ್ಡಿಗೆ 100 ಹೇಗೆ ಹಿಡಿಯಿತು?

ಬೈಟ್‌ಲೆಕ್ಕ
ನಿಮ್ಮ 100 ಮೆಗಾಬಿಟ್, ಕಾರ್ಡಿನ 30 ಮೆಗಾಬೈಟ್. ಎಂಟರಿಂದ ಭಾಗಿಸಿ, ಹನ್ನೆರಡೂವರೆ ಬರುತ್ತದೆ. ವಿಡಿಯೋ ಅಂದರೆ ನಲ್ಲಿ ನೀರು, ಸಣ್ಣಗೆ ಒಂದೇ ಸಮ. ಹಕ್ಕಿ ಫೋಟೋ ಅಂದರೆ ಕೊಡ ಬೋರಲು ಹಾಕಿದ ಹಾಗೆ. ಇವರದ್ದು ಒಂದು ರಾ ಫೈಲ್ 25 ಎಂಬಿ ಅಂದುಕೊಂಡರೆ ಮೂರು ಸೆಕೆಂಡಿಗೆ 750 ಎಂಬಿ. ಅಷ್ಟೂ ಮೊದಲು ಬಫರ್‌ನಲ್ಲಿ, ಅಂದರೆ ಕ್ಯಾಮೆರಾದ ತಾತ್ಕಾಲಿಕ ಮೆಮೊರಿಯಲ್ಲಿ ಕೂರಬೇಕು. 70ರ ಲೆಕ್ಕದಲ್ಲಿ ಖಾಲಿಯಾಗಲು 11 ಸೆಕೆಂಡು ಬೇಕು. ಇವರ ಹಕ್ಕಿ ಊಟ ಮುಗಿಸಿ ಹೋಗುವಷ್ಟು ಹೊತ್ತು ಬೇಡ. ಎಲ್ಲೋ ಬೇರೆ ಏನೋ ಇದೆ.

ಪೂರ್ಣಫ್ರೇಮ್
ಎಸ್‌ಡಿ ಕಾರ್ಡ್ ಸಹವಾಸವೇ ಬಿಟ್ಟುಬಿಡಿ. ನಾನು ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಅನ್ನೋ ಬೇರೆ ಜಾತಿಯ ಕಾರ್ಡಿಗೆ ಬಂದು ಎರಡು ವರ್ಷ ಆಯಿತು, ಸೆಕೆಂಡಿಗೆ 20 ಹೊಡೆದರೂ ಬಫರ್ ಅನ್ನೋದೇ ಗೊತ್ತಾಗಲ್ಲ. ಜೊತೆಗೆ 600 ಎಂಎಂ, ಕಾರ್ಬನ್ ಟ್ರೈಪಾಡ್, ಗಿಂಬಲ್ ಹೆಡ್. ಫೋಟೋ ಬೇಕಾದರೆ ಹಾಕುತ್ತೇನೆ.

ಬೈಟ್‌ಲೆಕ್ಕ
ಅವರ ಕ್ಯಾಮೆರಾದಲ್ಲಿ ಆ ಕಾರ್ಡ್ ಕೂರುವುದೇ ಇಲ್ಲ ಸ್ವಾಮಿ. ಕಡಿಮೆ ದುಡ್ಡಲ್ಲಿ ಅಂತ ಕೇಳಿದ್ದಾರೆ, ಓದಿದಿರಾ?

ಮೂಲೆಯಲ್ಲಿಕೂತವ
ಎರಡು ಸ್ಲಾಟ್ ಇದೆಯಾ? ಎರಡನೆಯದರಲ್ಲಿ ಏನು ಹಾಕಿದ್ದೀರಿ?

ಮಿಂಚುಳ್ಳಿಬೆನ್ನಿಗೆ
ಹಳೇ ಕಾರ್ಡ್. 64 ಜಿಬಿ, ಕ್ಲಾಸ್ 10. ಬಿಸಾಡೋದ್ಯಾಕೆ, ಒಂದು ಕಾಪಿ ಇರಲಿ ಅಂತ ಅದನ್ನು ಆ ಕಡೆ ಹಾಕಿ ಬ್ಯಾಕಪ್ ಆನ್ ಮಾಡಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೂಲೆಯಲ್ಲಿಕೂತವ
ಅದೇ ಸಂಬಂಧ. ಬ್ಯಾಕಪ್ ಆನ್ ಇದ್ದರೆ ಒಂದೇ ಫೋಟೋ ಎರಡೂ ಕಡೆ ಬರೆಯಬೇಕು, ನಿಧಾನದ ಕಾರ್ಡ್ ಮುಗಿಸುವ ತನಕ ಬಫರ್ ಬಿಡುವುದಿಲ್ಲ. ಕ್ಲಾಸ್ 10 ಅಂದರೆ ಖಾತ್ರಿ ಇರೋದು ಬರೀ 10 ಎಂಬಿ. ಹಳೆಯದನ್ನು ತೆಗೆದು, ಬಫರ್ ತುಂಬುವ ತನಕ ಒತ್ತಿ, ಕೈ ಬಿಟ್ಟ ಮೇಲೆ ದೀಪ ಆರುವವರೆಗೆ ಎಣಿಸಿ.

ಮಿಂಚುಳ್ಳಿಬೆನ್ನಿಗೆ
ಅಯ್ಯೋ. ಎರಡೂ ಕಾರ್ಡ್ ಇದ್ದಾಗ 52 ಸೆಕೆಂಡು. ಹಳೆಯದು ತೆಗೆದರೆ 11. ಎರಡು ಸಲ ಎಣಿಸಿದೆ. ಗೋಡೆ ಗಡಿಯಾರಕ್ಕೇ ಫೋಕಸ್ ಮಾಡಿ ಹೊಡೆದೆ, ಈಗ ನನ್ನ ಹತ್ತಿರ ಮುಳ್ಳಿನ ಅರವತ್ತು ಫೋಟೋ ಇದೆ. ಹಾಗಾದರೆ ವಿ90 ಬೇಡವಾ?

ಬೈಟ್‌ಲೆಕ್ಕ
ನಾನು ಬರೀ ಒಂದು ಕಾರ್ಡಿನ ಲೆಕ್ಕ ಹಾಕುತ್ತಾ ಕೂತೆ ನೋಡಿ! ವಿ90 ಬೇಡವೇ ಬೇಡ. ಸ್ಲಾಟ್ ಯುಎಚ್‌ಎಸ್-2 ಹೌದಾ ಅಂತ ಮೊದಲು ಮ್ಯಾನ್ಯುಯಲ್‌ನಲ್ಲಿ ನೋಡಿ. ಯುಎಚ್‌ಎಸ್-2 ಕಾರ್ಡಿನ ಬೆನ್ನಿಗೆ ಎರಡು ಸಾಲು ಪಿನ್ ಇರುತ್ತದೆ, ನಿಮ್ಮದಕ್ಕೆ ಒಂದೇ ಸಾಲು. ಸ್ಲಾಟ್ ಯುಎಚ್‌ಎಸ್-1 ಆಗಿದ್ದರೆ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಹಳೇ ವೇಗದಲ್ಲೇ ಓಡುತ್ತದೆ. ಯುಎಚ್‌ಎಸ್-2 ಇದ್ದರೆ ಮಾತ್ರ ಒಂದು ವಿ60 ಯೋಚನೆ ಮಾಡಿ.

ಮಿಂಚುಳ್ಳಿಬೆನ್ನಿಗೆ
ಮೊದಲನೇ ಸ್ಲಾಟ್ ಯುಎಚ್‌ಎಸ್-2, ಎರಡನೆಯದು ಯುಎಚ್‌ಎಸ್-1 ಅಂತ ಇದೆ.

ಮೂಲೆಯಲ್ಲಿಕೂತವ
ಹಾಗಿದ್ದರೆ ಬ್ಯಾಕಪ್ ಬೇಕೇ ಬೇಕು ಅಂದರೆ ಈಗಿರುವಂಥದ್ದೇ ಇನ್ನೊಂದು ವಿ30 ತಗೊಳ್ಳಿ, ಅಗ್ಗ. ಬೇಡ ಅಂದರೆ ಒಂದು ವಿ60, ಎರಡನೇ ಸ್ಲಾಟ್ ಖಾಲಿ. ಎರಡೂ ಒಟ್ಟಿಗೆ ಬೇಕು ಅಂದರೆ ಆಗಲ್ಲ.

ರೀಲ್‌ಗೀಲ್
ಬ್ಯಾಕಪ್ ಇಲ್ಲದೆ ಹೊಡೆಯಬೇಡಿ. ಒಂದು ಮದುವೆಯಲ್ಲಿ ಕಾರ್ಡ್ ಸತ್ತುಹೋಗಿ ನಾನು ಅನುಭವಿಸಿದ್ದೇನೆ.

ಪೂರ್ಣಫ್ರೇಮ್
ಮಿಂಚುಳ್ಳಿ ನಾಳೆಯೂ ಬರುತ್ತದೆ, ಮದುವೆ ಬರುತ್ತಾ? ಎರಡೂ ಒಂದೇ ಅಲ್ಲ.

ರೀಲ್‌ಗೀಲ್
ನಿಮ್ಮ 600 ಎಂಎಂನಲ್ಲಿ ಒಂದಾದರೂ ಮಿಂಚುಳ್ಳಿ ಹೊಡೆದಿದ್ದೀರಾ, ಅಥವಾ ಬರೀ ಗಿಂಬಲ್ ಹೆಡ್ ಫೋಟೋನಾ?

ಹಳೇಲೆನ್ಸ್
ಎಲ್ಲ ಸರಿ, ಆ ಹಳೇ 64 ಜಿಬಿಯನ್ನೂ ಎಚ್2ಟೆಸ್ಟ್‌ಡಬ್ಲ್ಯೂಗೆ ಒಮ್ಮೆ ಹಾಕಿ. ಅದು ನಕಲಿ ಇರಬಹುದು.