ಮಗ ಕ್ಲಾಸಿನಲ್ಲೇ ಗಿಡ್ಡ, ಕಳೆಯುವ ಲೆಕ್ಕವೂ ಬರ್ತಿಲ್ಲ: ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ, ಹಾಸನದ ತಾಯಿ:

ನಮಸ್ತೆ ಮೇಡಂ. ಮಗನಿಗೆ 7 ವರ್ಷ 2 ತಿಂಗಳು, ಎರಡನೇ ಕ್ಲಾಸು. ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ ಯಾವಾಗಲೂ ಇವನೇ ಮೊದಲು. ಎತ್ತರ 114.5 ಸೆಂ.ಮೀ. ಹೋದ ವರ್ಷ ಇದೇ ತಿಂಗಳು 109 ಇದ್ದ. ನಾನು 152, ಅವರಪ್ಪ 164. ಹಾಲಿಗೆ ಎತ್ತರದ ಪೌಡರ್ ಹಾಕಿ ಕೊಡು ಅಂತ ನಮ್ಮತ್ತೆ ಹೇಳ್ತಾರೆ. ಇನ್ನೊಂದು ಚಿಂತೆ ಲೆಕ್ಕದ್ದು. 52ರಲ್ಲಿ 17 ಕಳಿ ಅಂದರೆ 45 ಅಂತ ಬರೆಯುತ್ತಾನೆ. ಎಷ್ಟು ತಿದ್ದಿಸಿದರೂ ಅದೇ. ಒತ್ತಕ್ಷರವೂ ತಪ್ಪುತ್ತೆ. ಟ್ಯೂಷನ್ ಮಿಸ್ 'ಬುದ್ಧಿ ಸ್ವಲ್ಪ ನಿಧಾನ' ಅಂದರು. ಅವತ್ತಿಂದ ನನಗೆ ನಿದ್ದೆ ಇಲ್ಲ.

ಉತ್ತರ, ಮಕ್ಕಳ ವೈದ್ಯೆ:

ಹೋದ ವರ್ಷದ ಅಳತೆ ಬರೆದಿಟ್ಟಿದ್ದೀರಲ್ಲ, ಅದರಿಂದಲೇ ಅರ್ಧ ಉತ್ತರ ಸಿಕ್ಕಿತು. ಒಂದು ವರ್ಷಕ್ಕೆ ಐದೂವರೆ ಸೆಂಟಿಮೀಟರ್ ಬೆಳೆದಿದ್ದಾನೆ. ಈ ವಯಸ್ಸಿನಿಂದ ಹರೆಯ ಶುರುವಾಗುವ ತನಕ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ, ತೂಕ ಎರಡು ಮೂರು ಕೆಜಿ ಏರುತ್ತದೆ. ನಿಮ್ಮ ಮಗ ಸರಿಯಾದ ವೇಗದಲ್ಲೇ ಇದ್ದಾನೆ. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆದರೆ ನಾನು ಪರೀಕ್ಷೆಗೆ ಕರೆಯುತ್ತೇನೆ.

ಇನ್ನು ಅಪ್ಪ ಅಮ್ಮನ ಎತ್ತರ. ಗಂಡು ಮಗುವಾದರೆ ಇಬ್ಬರ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಬೇಕು. ಹೆಣ್ಣು ಮಗುವಿಗೆ 13 ಕಳೆಯಬೇಕು. ದೊಡ್ಡವನಾದಾಗ ಎತ್ತರ ಎಷ್ಟಿರಬಹುದು ಅನ್ನುವ ಅಂದಾಜು ಇದು; ನಿಮ್ಮ ಮಗನಿಗೆ 164.5 ಸೆಂ.ಮೀ. ಬರುತ್ತದೆ. ಅದಕ್ಕಿಂತ ಸುಮಾರು 8 ಸೆಂ.ಮೀ. ಆಚೆ ಈಚೆ ಆಗಬಹುದು. ಅಂದರೆ ಅಪ್ಪನ ಹಾಗೇ ಆಗುತ್ತಾನೆ. ಪೌಡರ್‌ನಿಂದ ಮೂಳೆ ಉದ್ದ ಆಗುವುದಿಲ್ಲ, ಎಷ್ಟೋ ಡಬ್ಬಗಳಲ್ಲಿ ಸಕ್ಕರೆಯೇ ಜಾಸ್ತಿ. ಅತ್ತೆಯವರಿಗೆ ನಾನು ಹೇಳಿದೆ ಅಂತಲೇ ಹೇಳಿ: ಸುಮ್ನೆ ಹಾಲು, ರಾಗಿ, ಬೇಳೆ, ಮೊಟ್ಟೆ ಸಾಕು. ನಿದ್ದೆ ಮಾತ್ರ ಕಮ್ಮಿ ಮಾಡಬೇಡಿ. ಈ ವಯಸ್ಸಿಗೆ ದಿನಕ್ಕೆ 9 ಗಂಟೆಯಾದರೂ ಬೇಕು.

ಅಳತೆ ಆರು ತಿಂಗಳಿಗೊಮ್ಮೆ ತೆಗೆಯಿರಿ. ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗೀಟು. ಬೆಳಿಗ್ಗೆ ಅಂದರೆ ಬೆಳಿಗ್ಗೆಯೇ, ಯಾಕೆಂದರೆ ಸಂಜೆಗೆ ಬೆನ್ನುಮೂಳೆಯ ನಡುವಿನ ಮೆತ್ತೆ ಅದುಮಿ ಮಕ್ಕಳು ಒಂಚೂರು ಗಿಡ್ಡ ಕಾಣುತ್ತಾರೆ.

ಈಗ ಆ 45. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಅವನು ಏನು ಮಾಡಿದ ನೋಡಿ. 2ರಲ್ಲಿ 7 ಹೋಗುವುದಿಲ್ಲ. ಅದಕ್ಕೆ 7ರಲ್ಲಿ 2 ಕಳೆದು 5 ಬರೆದ. 5ರಲ್ಲಿ 1 ಕಳೆದು 4 ಬರೆದ. 'ದೊಡ್ಡದರಲ್ಲಿ ಚಿಕ್ಕದು ಕಳಿ' ಅಂತ ಒಂದನೇ ಕ್ಲಾಸಿನಲ್ಲಿ ನಾವೇ ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಬುದ್ಧಿ ನಿಧಾನ ಅನ್ನುವ ಮಾತು ಇಲ್ಲಿ ತಪ್ಪು. ಅದನ್ನು ಅವನ ಕಿವಿಗೆ ಬೀಳಿಸಬೇಡಿ.

ಅವನಿಗೆ ಇನ್ನೂ ಗಟ್ಟಿಯಾಗಿಲ್ಲದ್ದು ಬೇರೆ. 52 ಅಂದರೆ ಐದು ಹತ್ತು, ಎರಡು ಬಿಡಿ. ಅದೇ 52 ನಾಲ್ಕು ಹತ್ತು, ಹನ್ನೆರಡು ಬಿಡಿಯೂ ಹೌದು. ರೂಪ ಬದಲಾದರೂ ಮೊತ್ತ ಅಷ್ಟೇ ಅನ್ನುವುದು ತಲೆಗೆ ಕೂರಬೇಕು. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಜೀವನವಿಡೀ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಈ ತಿಳಿವಳಿಕೆ ಸುಮಾರು 7 ವರ್ಷದ ಹೊತ್ತಿಗೆ ಬರಲು ಶುರುವಾಗುತ್ತದೆ ಎಂದು ತೋರಿಸಿದರು. ಎಲ್ಲ ಮಕ್ಕಳಿಗೂ ಒಂದೇ ತಿಂಗಳಲ್ಲಿ ಬರುವುದಿಲ್ಲ. ಹಲ್ಲು ಬೀಳುವುದೂ ಹಾಗೇ ಅಲ್ವಾ? ಮನೆಯಲ್ಲೇ ನೋಡಿ. ಒಂದೇ ಥರದ ಎರಡು ಲೋಟಕ್ಕೆ ಸಮ ನೀರು ಹಾಕಿ. ಅವನೆದುರಿಗೇ ಒಂದು ಲೋಟದ ನೀರನ್ನು ಸಣ್ಣ ಬಾಯಿಯ ಉದ್ದ ಬಾಟಲಿಗೆ ಸುರಿದು, ಯಾವುದರಲ್ಲಿ ಜಾಸ್ತಿ ಅಂತ ಕೇಳಿ.

ಆಮೇಲೆ ಪುಸ್ತಕ ಮುಚ್ಚಿಡಿ. ಪೊರಕೆ ಕಡ್ಡಿ ಮುರಿದು 52 ತುಂಡು ಮಾಡಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ. 'ನನಗೆ 17 ಕೊಡು' ಅನ್ನಿ. ಕಟ್ಟು ಬಿಚ್ಚು ಅಂತ ಹೇಳಬೇಡಿ, ಅವನೇ ಬಿಚ್ಚಲಿ.

ಒತ್ತಕ್ಷರಕ್ಕೆ ಈಗಲೇ ಹೆದರಬೇಡಿ. ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡದಲ್ಲಿ ಕಲಿಯುವ ಗುರುತು ನೂರಾರು. ಎಷ್ಟೋ ಮಕ್ಕಳಿಗೆ ನಾಲ್ಕನೇ ಕ್ಲಾಸಿನ ಹೊತ್ತಿಗೆ ಅದು ಗಟ್ಟಿಯಾಗುವುದು. ಕಣ್ಣು, ಕಿವಿ ಮಾತ್ರ ಒಮ್ಮೆ ತೋರಿಸಿ. ಮೂರನೇ ಕ್ಲಾಸು ಮುಗಿಯುವಾಗಲೂ ಕಥೆ ಕೇಳಿದರೆ ಪೂರ್ತಿ ಅರ್ಥ ಆಗುತ್ತೆ, ಓದಿದರೆ ಆಗಲ್ಲ ಅನ್ನುವಂತಿದ್ದರೆ ಕಲಿಕೆಯ ತೊಂದರೆಯ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ.

ಅದೇ ತಾಯಿ, ನಾಲ್ಕು ದಿನದ ನಂತರ:

ಮೇಡಂ, ಮೊದಲು 'ಬಾಟಲಿಯಲ್ಲಿ ಜಾಸ್ತಿ' ಅಂದ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. 'ಇಲ್ಲಮ್ಮ, ವಾಪಸ್ ಲೋಟಕ್ಕೆ ಹಾಕಿದರೆ ಅಷ್ಟೇ ಆಗುತ್ತೆ' ಅಂದ. ಕಡ್ಡಿಯಲ್ಲಿ 17 ಕೇಳಿದಾಗ ಒಂದು ಕಟ್ಟು, ಎರಡು ಬಿಡಿ ಕೊಟ್ಟು, ಇನ್ನೊಂದು ಕಟ್ಟು ತಾನೇ ಬಿಚ್ಚಿದ. ಬರೆಯುವಾಗ ಮಾತ್ರ ಇನ್ನೂ 45.

ಉತ್ತರ:

'ವಾಪಸ್ ಹಾಕಿದರೆ' ಅಂದನಲ್ಲ, ಆ ಮಾತು ಓದಿ ತುಂಬ ಖುಷಿಯಾಯಿತು. ನಾನು ಕಾಯುತ್ತಿದ್ದ ತಿಳಿವಳಿಕೆ ಅದೇ. ಕೈಗೆ ಬಂದಿದೆ, ಕಾಗದಕ್ಕೆ ಬರಲು ಕೆಲವು ವಾರ ಬೇಕು. ಕಡ್ಡಿ ಆಟ ಆಡುತ್ತಲೇ ಪ್ರತಿ ಹೆಜ್ಜೆಯನ್ನೂ ಬರೆಯಲಿ. ದಿನಕ್ಕೆ ಮೂರು ಲೆಕ್ಕ ಸಾಕು. ಮಿಕ್ಕ ಹೊತ್ತು ಹೊರಗೆ ಓಡಾಡಿಕೊಂಡು ಆಡಲಿ.

ಪ್ರಶ್ನೆ, ದಾವಣಗೆರೆಯ ತಂದೆ:

ನಮ್ಮದು ಉಲ್ಟಾ ಮೇಡಂ. ಮಗಳಿಗೆ ಏಳೂವರೆ, ಕ್ಲಾಸಿಗೇ ಎತ್ತರ. ಎರಡು ತಿಂಗಳಿಂದ ಎದೆ ಹತ್ತಿರ ಗಂಟಿನ ಹಾಗೆ ಬಂದಿದೆ. 'ಈಗಿನ ಮಕ್ಕಳಿಗೆ ಎಲ್ಲ ಬೇಗ' ಅಂತಾರೆ ಮನೆಯಲ್ಲಿ. ಕಾಯಬಹುದಾ?

ಉತ್ತರ:

ಕಾಯಬೇಡಿ ಸರ್, ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ. ಹುಡುಗಿಯರಿಗೆ 8 ವರ್ಷಕ್ಕೆ ಮೊದಲು, ಹುಡುಗರಿಗೆ 9ಕ್ಕೆ ಮೊದಲು ಹರೆಯದ ಗುರುತು ಕಂಡರೆ ಪರೀಕ್ಷೆ ಬೇಕೇ ಬೇಕು. ಎಷ್ಟೋ ಸಲ ದೊಡ್ಡ ತೊಂದರೆ ಏನೂ ಇರುವುದಿಲ್ಲ. ಆದರೆ ಹರೆಯ ನಿಜವಾಗಿಯೂ ಬೇಗ ಶುರುವಾಗಿದ್ದರೆ, ಈಗ ಎತ್ತರ ಕಾಣುವ ಮಗುವಿನ ಮೂಳೆ ಬೇಗ ಬಲಿತು, ಬೆಳವಣಿಗೆ ಬೇಗ ನಿಂತು, ಕೊನೆಗೆ ಗಿಡ್ಡವೇ ಉಳಿಯಬಹುದು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಬೇಕಾದರೆ ತಡೆಯಲು ಇಂಜೆಕ್ಷನ್ ಇದೆ. ಹಳೆಯ ಅಳತೆ ಬರೆದ ಚೀಟಿ, ಶಾಲೆಯ ಆರೋಗ್ಯ ಕಾರ್ಡು ಏನಿದ್ದರೂ ತೆಗೆದುಕೊಂಡು ಹೋಗಿ. ಮಗಳ ಮುಂದೆ ಪಿಸುಪಿಸು ಬೇಡ. ಮೈಯಲ್ಲಿ ಏನಾಗುತ್ತಿದೆ, ಡಾಕ್ಟರ್ ಹತ್ತಿರ ಯಾಕೆ ಹೋಗುತ್ತಿದ್ದೇವೆ ಅಂತ ಅವರಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಮೊದಲೇ ಹೇಳಲಿ.