ಪದಚರ್ಚೆ: ಫುಟ್‌ಪಾತ್ ಮೇಲಿನ ಬೋರ್ಡಿಗೂ ಅದರ ಪಕ್ಕ ಬಿಡುವ ಜಾಗಕ್ಕೂ ಏನನ್ನೋಣ?

ಗೆಳೆಯರೇ,

ಅಂಗಡಿಯವರು ಫುಟ್‌ಪಾತ್ ಮೇಲೆ ಬೋರ್ಡು ಇಡುವುದಕ್ಕೆ ನಗರಾಡಳಿತಗಳು ನಿಯಮ ಮಾಡುತ್ತವಲ್ಲ, ಅಂಥವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಿಯಮಗಳೇನೋ ಚಿಕ್ಕವು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಅದರಲ್ಲೂ ಒಂದಕ್ಕೆ ನಿಮ್ಮ ಸಹಾಯ ಬೇಕೇ ಬೇಕು: ಕ್ಲಿಯರ್ ವಿಡ್ತ್.

ಬೋರ್ಡು ಇಟ್ಟ ಮೇಲೂ ಜನರ ಓಡಾಟಕ್ಕೆ ಅಡ್ಡಿಯಿಲ್ಲದೆ ಉಳಿಯಬೇಕಾದ ಅಗಲ ಅದು. ಈ ನಿಯಮಗಳ ಜೀವ ಇರುವುದೇ ಅಲ್ಲಿ. ನಮ್ಮ ದೇಶದ ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಖಾಲಿ ಇರಬೇಕು ಅನ್ನುತ್ತದೆ. ಅಂಗವಿಕಲರ ಅನುಕೂಲಕ್ಕಾಗಿ ಮಾನದಂಡ ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಆಕ್ಸೆಸ್ ಬೋರ್ಡ್ 2023ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದು 48 ಇಂಚು, ಅಂದರೆ ಸುಮಾರು 1.2 ಮೀಟರ್. ಲೆಕ್ಕ ಬೇರೆ ಬೇರೆ, ಆದರೆ ಅಳೆಯುವುದು ಒಂದನ್ನೇ. ಫುಟ್‌ಪಾತಿನ ಒಟ್ಟು ಅಗಲವನ್ನಲ್ಲ, ಮರ, ಕಂಬ, ಬೋರ್ಡು ಎಲ್ಲ ಕಳೆದು ಮಿಕ್ಕಿದ್ದನ್ನು.

ಇದನ್ನು 'ಸ್ಪಷ್ಟ ಅಗಲ' ಎಂದು ಬರೆದಿದ್ದ ಒಂದು ಕರಡು ನನ್ನ ಕೈಗೆ ಬಂತು. ತುಂಬಾ ಬೇಜಾರಾಯಿತು. ಮಾತು ಸ್ಪಷ್ಟವಾಗಿರಬಹುದು, ಅಕ್ಷರ ಸ್ಪಷ್ಟವಾಗಿರಬಹುದು. ಅಗಲ ಹೇಗೆ ಸ್ಪಷ್ಟವಾಗುತ್ತದೆ? ಓದಿದ ಅಂಗಡಿಯವರು ಗೆರೆ ಎಳೆದು ಅಗಲ ಗುರುತು ಮಾಡಬೇಕೇನೋ ಅಂದುಕೊಂಡಾರು.

ನನಗೆ ಮೊದಲು ಹೊಳೆದದ್ದು 'ತೆರವು'. ಆದರೆ ಪತ್ರಿಕೆಗಳಲ್ಲಿ ದಿನವೂ 'ಒತ್ತುವರಿ ತೆರವು' ಓದಿ ಓದಿ, ಆ ಪದ ಕೇಳಿದರೆ ಕೆಡವುವುದು, ಎತ್ತಂಗಡಿ ಮಾಡುವುದು ಇವೇ ಕಣ್ಣಿಗೆ ಕಟ್ಟುತ್ತವೆ. 'ತೆರವು ಅಗಲ' ಅಂದರೆ ತೆಗೆದುಹಾಕಬೇಕಾದ ಅಗಲ ಎಂದೇ ಅರ್ಥವಾಗುವ ಭಯವಿದೆ. ಅದರ ನೆಂಟ 'ತೆರಪು' ಹಾಗಲ್ಲ. ತೆರಪು ಅಂದರೆ ಎಡೆ, ಖಾಲಿ ಜಾಗ. ಗುಂಪಿನ ನಡುವೆ ತೆರಪು ಮಾಡಿಕೊಂಡು ಹೋದ ಅನ್ನುತ್ತೇವೆ. ಓಡಾಟಕ್ಕೆ ಬಿಟ್ಟ ಜಾಗಕ್ಕೆ ಇದಕ್ಕಿಂತ ಹೊಂದುವ ಪದ ನನಗೆ ಸಿಕ್ಕಿಲ್ಲ. 'ಓಡಾಟದ ತೆರಪು' ಎಂದು ಬರೆದರೆ ಹೇಗೆ?

ಇನ್ನು ಬೋರ್ಡು. ಎರಡು ಹಲಗೆಗಳನ್ನು ಮೇಲೆ ಜೋಡಿಸಿ, ಕೆಳಗೆ ಕಾಲು ಅಗಲಿಸಿ ನಿಲ್ಲಿಸುವಂಥದ್ದು. ಇಂಗ್ಲಿಷಿನಲ್ಲಿ ಇದಕ್ಕೆ ಸ್ಯಾಂಡ್‌ವಿಚ್ ಬೋರ್ಡ್ ಅಂತಲೂ ಹೆಸರಿದೆ. 19ನೇ ಶತಮಾನದ ಲಂಡನ್ನಿನಲ್ಲಿ ಎದೆಗೊಂದು ಬೆನ್ನಿಗೊಂದು ಹಲಗೆ ಕಟ್ಟಿಕೊಂಡು ಬೀದಿ ತಿರುಗುತ್ತಿದ್ದ ಕೂಲಿಯವರಿಂದ ಬಂದ ಹೆಸರು ಅದು. ನಮಗೆ ಆ ಹೆಸರಿನ ಹಂಗು ಬೇಡ. 'ನಿಲುಗನ್ನಡಿ' ಇದೆಯಲ್ವಾ, ಅದೇ ದಾರಿಯಲ್ಲಿ 'ನಿಲುಹಲಗೆ' ಅನ್ನಬಹುದು. ಫಲಕದ ತದ್ಭವವೇ ಹಲಗೆ ಅನ್ನುತ್ತಾರೆ, ಕರಿಹಲಗೆಯನ್ನಂತೂ ಎಲ್ಲರೂ ಬಲ್ಲರು. 'ನಾಮಫಲಕ' ಇಲ್ಲಿ ಸಲ್ಲದು. ಅದು ಗೋಡೆಯ ಮೇಲಿನ ಹೆಸರಿನ ಬೋರ್ಡು, ಅದರ ನಿಯಮಗಳೇ ಬೇರೆ.

ಫುಟ್‌ಪಾತನ್ನು ಹಾಗೆಯೇ ಬಿಡುತ್ತೇನೆ. ಕಾಲುದಾರಿ ಅಂದರೆ ಹೊಲದ ನಡುವಿನ ಜಾಡು ನೆನಪಾಗುತ್ತದೆ. 'ಪಾದಚಾರಿ ಮಾರ್ಗ' ಕಚೇರಿಯ ಮಾತು, ತಪ್ಪಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಹೋಗುವವರಿಗೂ ಈ ಜಾಗ ಸೇರಿದ್ದು, ಅವರನ್ನು ಹೊರಗಿಡುವ ಪದ ನನಗೆ ಇಷ್ಟವಾಗುವುದಿಲ್ಲ.

ಎರಡನೇ ತೊಡಕು ರೈಟ್ ಆಫ್ ವೇ. ಇದನ್ನು 'ದಾರಿಯ ಹಕ್ಕು' ಎಂದರೆ ಪೂರ್ತಿ ತಪ್ಪಾಗುತ್ತದೆ. ನಮ್ಮಲ್ಲಿ ದಾರಿಯ ಹಕ್ಕು ಎಂದರೆ ಇನ್ನೊಬ್ಬರ ಜಮೀನಿನಲ್ಲಿ ಹಾದುಹೋಗುವ ಹಕ್ಕು. ವಾಹನ ಓಡಿಸುವವರಿಗೆ ಅದೇ ಇಂಗ್ಲಿಷ್ ಪದ ಯಾರು ಮೊದಲು ಹೋಗಬೇಕು ಎಂಬ ಮಾತು. ಈ ನಿಯಮಗಳಲ್ಲಿ ಅದು ಹಕ್ಕೇ ಅಲ್ಲ, ನೆಲ. ಈ ಬದಿಯ ಕಟ್ಟಡಗಳ ಎಲ್ಲೆಯಿಂದ ಆ ಬದಿಯ ಎಲ್ಲೆಯವರೆಗೆ ರಸ್ತೆ, ಚರಂಡಿ, ಗಿಡದ ಪಟ್ಟಿ, ಫುಟ್‌ಪಾತ್ ಎಲ್ಲ ಸೇರಿದ ಸಾರ್ವಜನಿಕ ಜಾಗ. ನಾನು 'ರಸ್ತೆ ಜಾಗ' ಎಂದಿದ್ದೇನೆ.

ಮೂರನೆಯದು ಕೇನ್ ಡಿಟೆಕ್ಟಬಲ್. ಅದಕ್ಕೆ ಪದ ಮನೆಯಲ್ಲೇ ಸಿಕ್ಕಿತು. ನನ್ನ ಅಕ್ಕ ಬಿಳಿಕೋಲು ಹಿಡಿದು ನಡೆಯುತ್ತಾಳೆ. ಒಮ್ಮೆ ಇಂಥದ್ದೇ ಬೋರ್ಡಿನ ಅಂಚು ಬಡಿದು ಮೊಣಕಾಲು ಊದಿಸಿಕೊಂಡು ಬಂದಳು. "ಅದು ಕೋಲಿಗೆ ಸಿಗಲೇ ಇಲ್ಲ ಕಣೇ" ಅಂದಳು. ಪಕ್ಕದಿಂದ ಬಂದರೆ ಬೋರ್ಡಿನ ಎರಡು ಕಾಲುಗಳ ನಡುವೆ ಕೋಲು ತೂರಿಹೋಗುತ್ತದೆ, ಮೈ ಹೋಗಿ ಹಲಗೆಗೆ ಬಡಿಯುತ್ತದೆ. ಅಮೆರಿಕದ ಮಾನದಂಡದಲ್ಲಿ ನೆಲದಿಂದ 27 ಇಂಚಿನೊಳಗಿನ ಅಂಚು ಕೋಲಿಗೆ ತಗಲುತ್ತದೆ ಎಂಬ ಲೆಕ್ಕವಿದೆ. ಬೋರ್ಡಿನ ಬುಡದಲ್ಲಿ ಅಡ್ಡಪಟ್ಟಿ ಇದ್ದರೆ ಕೋಲು ಅಲ್ಲೇ ತಡೆಯುತ್ತದೆ. ಇದಕ್ಕೆ ನಾನು ಮೊದಲು 'ದಂಡದಿಂದ ಪತ್ತೆಹಚ್ಚಬಹುದಾದ' ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ 'ಕೋಲಿಗೆ ಸಿಗುವ' ಎಂದು ಬರೆದೆ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು. 'ಮಸ್ಟ್ ನಾಟ್' ಎಂಬುದನ್ನು ಅದೇ ಕರಡಿನಲ್ಲಿ 'ಇಡಬೇಕಾಗಿಲ್ಲ' ಎಂದಿದ್ದರು. ಮರಕ್ಕೆ ಸರಪಳಿ ಹಾಕಿ ಬೋರ್ಡು ಕಟ್ಟಬೇಕಾಗಿಲ್ಲ ಅಂದರೆ, ಬೇಕಾದವರು ಕಟ್ಟಬಹುದು ಎಂದಾಯಿತು! 'ಕೂಡದು' ಎಂಬ ಗಟ್ಟಿ ಪದ ಇರುವಾಗ ಸುಮ್ನೆ ಯಾಕೆ ಈ ಗೊಂದಲ? ದಂಡ ಕಟ್ಟುವವರು ಓದುವ ಸಾಲು ಇದು. ಇನ್ನು ಬರೀ 'ಮಸ್ಟ್'ಗೆ ಕಾನೂನಿನ ಭಾಷೆಯ 'ತಕ್ಕದ್ದು' ನನಗೆ ಬೇಡ, 'ಬೇಕು' ಸಾಕು.

ಈಗ ನನ್ನ ಸಾಲುಗಳು ಹೀಗಿವೆ: "ನಿಲುಹಲಗೆಯನ್ನು ನಿಮ್ಮ ಅಂಗಡಿಯ ಎದುರೇ ಇಡಬೇಕು. ಇಟ್ಟ ಮೇಲೆ ಓಡಾಟಕ್ಕೆ 1.8 ಮೀಟರ್ ತೆರಪು ಉಳಿಯಬೇಕು. ಬುಡದ ಪಟ್ಟಿ ಕೋಲಿಗೆ ಸಿಗುವಂತಿರಬೇಕು. ಕಂಬಕ್ಕಾಗಲಿ ಮರಕ್ಕಾಗಲಿ ಕಟ್ಟಕೂಡದು. ಅಂಗಡಿ ಮುಚ್ಚುವಾಗ ಒಳಗೆ ತೆಗೆದಿಡಬೇಕು."

'ತೆರಪು' ನಿಮ್ಮ ಕಡೆ ಆಡುಮಾತಿನಲ್ಲಿ ಇನ್ನೂ ಇದೆಯೇ? ಜಾಗದ ಅರ್ಥದಲ್ಲಿ ಬಳಸುತ್ತೀರಾ, ಇಲ್ಲ ಬಿಡುವು ಎಂಬ ಅರ್ಥವೇ ಜಾಸ್ತಿಯೇ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳಿ ತಿಳಿಸಿ. ಅಲ್ಲಿಯವರೆಗೆ ಆ ಸಾಲನ್ನು ಪೆನ್ಸಿಲ್ಲಿನಲ್ಲೇ ಇಟ್ಟಿರುತ್ತೇನೆ.